ನನ್ನ ಅನುಭವ: ಹೃದಯ ವೈಫಲ್ಯದ ರೋಗಿಗಳನ್ನು ಮನೆಯಲ್ಲೇ ನೋಡಿಕೊಂಡ ಐದು ವರ್ಷ

2020ರ ಏಪ್ರಿಲ್ ತಿಂಗಳ ವಿಭಾಗ ಸಭೆಯಲ್ಲಿ ನಾನೊಂದು ಪ್ರಸ್ತಾಪವನ್ನು ಮುಂದಿಟ್ಟೆ. ಹೃದಯ ವೈಫಲ್ಯಕ್ಕೆ, ಅಂದರೆ ಹೃದಯ ರಕ್ತ ತಳ್ಳುವ ಶಕ್ತಿ ಕಳೆದುಕೊಂಡು ದೇಹದಲ್ಲಿ ನೀರು ತುಂಬುವ ರೋಗಕ್ಕೆ, ಚಿಕಿತ್ಸೆ ಪಡೆದು ಆಗಷ್ಟೇ ಮನೆಗೆ ಹೋದ ರೋಗಿಗಳನ್ನು ಮತ್ತೆ ಓಪಿಡಿಗೆ ಕರೆಸದೆ, ದಿನವೂ ಅವರ ತೂಕ, ಬಿಪಿ, ನಾಡಿಬಡಿತಗಳನ್ನು ಫೋನಿನಲ್ಲಿ ಕೇಳಿ ತಿಳಿದು, ಮಾತ್ರೆಗಳ ಪ್ರಮಾಣವನ್ನೂ ಫೋನಿನಲ್ಲೇ ಹೆಚ್ಚು ಕಡಿಮೆ ಮಾಡೋಣ ಎಂಬುದು ಆ ಪ್ರಸ್ತಾಪವಾಗಿತ್ತು. ಸಭೆಯಲ್ಲಿದ್ದ ಒಂಬತ್ತು ಮಂದಿಯಲ್ಲಿ ಏಳು ಮಂದಿ ಒಪ್ಪಲಿಲ್ಲ. ಅವರ ಆಕ್ಷೇಪ ಹಗುರವಾದುದಲ್ಲ. 2010ರಲ್ಲಿ ಪ್ರಕಟವಾದ ಟೆಲಿ-ಎಚ್‌ಎಫ್ ಅಧ್ಯಯನದಲ್ಲಿ 1,653 ರೋಗಿಗಳಿದ್ದರು. ಅವರಲ್ಲಿ ಅರ್ಧದಷ್ಟು ಮಂದಿ ದಿನವೂ ಫೋನ್ ಮಾಡಿ ಯಂತ್ರದ ಧ್ವನಿ ಕೇಳುವ ಪ್ರಶ್ನೆಗಳಿಗೆ ಗುಂಡಿ ಒತ್ತಿ ಉತ್ತರಿಸಬೇಕಿತ್ತು. ಆರು ತಿಂಗಳ ಕೊನೆಗೆ ಮರುದಾಖಲಾತಿಯಲ್ಲಾಗಲಿ ಸಾವಿನಲ್ಲಾಗಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. 2016ರ ಬೀಟ್-ಎಚ್‌ಎಫ್ ಅಧ್ಯಯನವೂ 1,437 ರೋಗಿಗಳಲ್ಲಿ ಮರುದಾಖಲಾತಿಯನ್ನು ತಗ್ಗಿಸಲು ಸೋತಿತ್ತು. "ಎರಡು ಸಲ ಸೋತದ್ದನ್ನು ಸಾಂಕ್ರಾಮಿಕದ ನೆಪದಲ್ಲಿ ಮೂರನೆಯ ಸಲ ತರಬೇಡಿ" ಎಂದು ನಮ್ಮ ಹಿರಿಯರೊಬ್ಬರು ಹೇಳಿದರು. ಇಂದು ಅವರ ರೋಗಿಗಳೇ ಹನ್ನೆರಡು ಮಂದಿ ನಮ್ಮ ಪಟ್ಟಿಯಲ್ಲಿದ್ದಾರೆ. ಕೆಲಸ ಕೈಗೂಡಿದೆ ಎಂದು ಈಗ ಧೈರ್ಯವಾಗಿ ಹೇಳಬಹುದಾದ್ದರಿಂದ, ನಾವು ಎಲ್ಲೆಲ್ಲಿ ಎಡವಿದೆವು ಎಂಬುದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಸಾಂಕ್ರಾಮಿಕ ಬಾರದೇ ಇದ್ದಿದ್ದರೆ ನಾನೂ ಆ ಏಳು ಮಂದಿಯ ಪಕ್ಕದಲ್ಲೇ ಕೂತಿರುತ್ತಿದ್ದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಕೋವಿಡನ್ನು ಮಹಾಸಾಂಕ್ರಾಮಿಕವೆಂದು ಸಾರಿದ ಮೇಲೆ ಮೂರೇ ವಾರದಲ್ಲಿ ನಮ್ಮ ಓಪಿಡಿ ಮುಚ್ಚಿತು, ಹೃದಯದ ಸ್ಕ್ಯಾನ್ ಮಾಡುವ ಎಕೋ ಕೋಣೆಯಲ್ಲಿ ತುರ್ತಿನವರನ್ನು ಬಿಟ್ಟು ಬೇರೆ ಯಾರಿಗೂ ಪರೀಕ್ಷೆ ನಡೆಯುತ್ತಿರಲಿಲ್ಲ. ಇದು ಎಲ್ಲೆಡೆಯ ಸ್ಥಿತಿಯೂ ಆಗಿತ್ತು. 108 ದೇಶಗಳ ಕೇಂದ್ರಗಳಿಂದ ಆಮೇಲೆ ಕಲೆಹಾಕಿದ ಲೆಕ್ಕದ ಪ್ರಕಾರ, ಹೃದಯದ ತಪಾಸಣೆಗಳು 2019ರ ಮಾರ್ಚ್‌ಗೆ ಹೋಲಿಸಿದರೆ 2020ರ ಮಾರ್ಚ್‌ನಲ್ಲಿ ಶೇ 42ರಷ್ಟು, ಏಪ್ರಿಲ್‌ನಲ್ಲಿ ಶೇ 64ರಷ್ಟು ಇಳಿದಿದ್ದವು. ಇಟಲಿಯಲ್ಲಿ ಮಾರ್ಚ್ ತಿಂಗಳ ಒಂದು ವಾರದಲ್ಲಿ ಹೃದಯಾಘಾತದ ದಾಖಲಾತಿ ಹಿಂದಿನ ವರ್ಷದ ಅದೇ ವಾರಕ್ಕಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಹಾಂಗ್‌ಕಾಂಗ್‌ನ ಒಂದು ಪುಟ್ಟ ವರದಿಯಲ್ಲಿ, ಎದೆನೋವು ಕಾಣಿಸಿಕೊಂಡಾಗಿನಿಂದ ವೈದ್ಯರನ್ನು ಮೊದಲು ತಲುಪುವವರೆಗಿನ ಅವಧಿಯ ಮಧ್ಯಾಂಕ ಸುಮಾರು 82 ನಿಮಿಷದಿಂದ 318 ನಿಮಿಷಕ್ಕೆ ಏರಿತ್ತು. ತಡವಾಗಿ ಬಂದದ್ದರ ಫಲವನ್ನು ನಾವು ಕಣ್ಣಾರೆ ಕಂಡೆವು. ಹೃದಯದ ಕುಹರಗಳ ನಡುವಿನ ಗೋಡೆ ಹರಿದುಹೋಗುವ ತೊಡಕನ್ನು ವರ್ಷಕ್ಕೊಮ್ಮೆ ನೋಡುತ್ತಿದ್ದ ನಾವು, ಆ ವರ್ಷ ಆರೇ ವಾರಗಳಲ್ಲಿ ಮೂರು ಬಾರಿ ನೋಡಿದೆವು.

ಹೃದಯಾಘಾತದ ರೋಗಿಯ ಸಾವು ಎಲ್ಲರ ಗಮನಕ್ಕೆ ಬರುತ್ತದೆ. ಹೃದಯ ವೈಫಲ್ಯದ ರೋಗಿ ಮಾತ್ರ ಸದ್ದಿಲ್ಲದೆ ಕುಸಿಯುತ್ತಾನೆ. ತಿಂಗಳಿಗೊಮ್ಮೆ ಬಂದು ಕಾಲಿನ ಊತ ತೋರಿಸಿ ಹೋಗುತ್ತಿದ್ದ ಸುಮಾರು 140 ಮಂದಿಯ ಹೆಸರು ನಮ್ಮ ವಹಿಯಲ್ಲಿತ್ತು. ಅವರಿಗೆ ಏನಾಗುತ್ತಿದೆ ಎಂದು ತಿಳಿಯುವ ದಾರಿ ನಮಗಿರಲಿಲ್ಲ. ಒಂದು ಸಂಜೆ ನಾನು ಮತ್ತು ನಮ್ಮ ಹಿರಿಯ ನರ್ಸ್ ಆ ವಹಿ ಹಿಡಿದುಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡಲು ಕೂತೆವು. ಹನ್ನೊಂದು ಮಂದಿ ತಮ್ಮ ರಕ್ತದೊತ್ತಡದ ಮಾತ್ರೆಗಳನ್ನು, ಅಂದರೆ ಎಸಿಇ ತಡೆಯುವ ಅಥವಾ ಎಆರ್‌ಬಿ ಗುಂಪಿನ ಮಾತ್ರೆಗಳನ್ನು, ತಾವಾಗಿಯೇ ನಿಲ್ಲಿಸಿಬಿಟ್ಟಿದ್ದರು. ವೈರಾಣು ಎಸಿಇ2 ಎಂಬ ಗ್ರಾಹಕದ ಮೂಲಕ ಒಳಹೊಗುತ್ತದೆ, ಈ ಮಾತ್ರೆಗಳು ಅದಕ್ಕೆ ಬಾಗಿಲು ತೆರೆಯುತ್ತವೆ ಎಂಬ ಸುದ್ದಿ ಅವರಿಗೆ ನಮಗಿಂತ ಮೊದಲೇ ತಲುಪಿತ್ತು. ಆ ವೇಳೆಗೆ ಯುರೋಪಿನ ಹೃದ್ರೋಗ ತಜ್ಞರ ಸಂಘ ಮಾತ್ರೆ ನಿಲ್ಲಿಸಬಾರದೆಂದು ಹೇಳಿತ್ತು. ಬ್ರೆಜಿಲ್‌ನಲ್ಲಿ 659 ರೋಗಿಗಳ ಮೇಲೆ ನಡೆದ ಬ್ರೇಸ್ ಕೊರೊನಾ ಪ್ರಯೋಗ, ನಿಲ್ಲಿಸುವುದರಿಂದ ಲಾಭವಿಲ್ಲವೆಂದು ತೋರಿಸಿದ್ದು 2021ರ ಜನವರಿಯಲ್ಲಿ. ನಾವು ಅಷ್ಟು ಕಾಯುವಂತಿರಲಿಲ್ಲ. ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಆ ಸಂಜೆಯ ಮಾತಿಗೇ ಮಾತ್ರೆ ಮತ್ತೆ ಶುರು ಮಾಡಿದರು. ಫೋನಿನಿಂದ ಏನು ಸಾಧ್ಯವೆಂದು ನನಗೆ ಮೊದಲು ಕಂಡದ್ದು ಅಲ್ಲಿ.

ಹಾಗಿದ್ದೂ ಮೊದಲ ಹಣವನ್ನು ನಾನು ಸುರಿದದ್ದು ಫೋನಿಗಲ್ಲ, ಒಂದು ಆ್ಯಪ್‌ಗೆ. ರೋಗಿ ತೂಕ, ಬಿಪಿ ನಮೂದಿಸಿದರೆ ನಮ್ಮ ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಬಣ್ಣದ ಸಾಲುಗಳು ಮೂಡುವ ವ್ಯವಸ್ಥೆ ಅದು. ಮಾರಿದವರು ಒಂದು ವರ್ಷದ ಶುಲ್ಕವನ್ನು ಮುಂಗಡವಾಗಿ ಪಡೆದರು. ಆ ಮೊತ್ತದಲ್ಲಿ ಇಬ್ಬರು ನರ್ಸ್‌ಗಳಿಗೆ ಇಡೀ ವರ್ಷ ಸಂಬಳ ಕೊಡಬಹುದಿತ್ತು. ಮೊದಲ ವಾರ 60 ರೋಗಿಗಳಲ್ಲಿ 50 ಮಂದಿ ನಮೂದಿಸಿದರು, ನಾಲ್ಕನೆಯ ವಾರದ ಹೊತ್ತಿಗೆ 22 ಮಂದಿ ಉಳಿದಿದ್ದರು. ಟೆಲಿ-ಎಚ್‌ಎಫ್‌ನಲ್ಲೂ ಕೊನೆಯ ವಾರದಲ್ಲಿ ವಾರಕ್ಕೆ ಮೂರು ಸಲವಾದರೂ ವ್ಯವಸ್ಥೆಯನ್ನು ಬಳಸುತ್ತಿದ್ದವರು ಶೇ 55ರಷ್ಟು ಮಾತ್ರ ಎಂಬುದನ್ನು ಓದಿಯೂ ನಾನು ಅದೇ ಹಳ್ಳಕ್ಕೆ ಇಳಿದಿದ್ದೆ. ನಮೂದಿಸಿದವರಿಂದ ಬರುತ್ತಿದ್ದ ಎಚ್ಚರಿಕೆಗಳೂ ಕಡಿಮೆಯಿರಲಿಲ್ಲ. ಮೊದಲ ವಾರಗಳಲ್ಲಿ ದಿನಕ್ಕೆ ಮೂವತ್ತು ನಲವತ್ತು ಕೆಂಪು ಸಾಲುಗಳು ಮೂಡುತ್ತಿದ್ದವು. ಅವುಗಳಲ್ಲಿ ನಿಜಕ್ಕೂ ಮಾತ್ರೆ ಬದಲಿಸಬೇಕಾದದ್ದು ಎರಡೋ ಮೂರೋ. ಪರದೆಯ ಮುಂದೆ ಕೂತಿದ್ದ ನರ್ಸ್ ಹದಿನೆಂಟನೆಯ ದಿನ ನನ್ನ ಬಳಿ ಬಂದು, "ಡಾಕ್ಟರೇ, ಎಲ್ಲವೂ ಕೆಂಪಾದರೆ ನಾನು ಯಾವುದನ್ನು ನೋಡಲಿ?" ಎಂದು ಕೇಳಿದರು. ಮೂರು ತಿಂಗಳಿಗೆ ಆ ಆ್ಯಪ್ ನಿಲ್ಲಿಸಿದೆ. ಮುಂಗಡ ಹಿಂದಿರುಗಲಿಲ್ಲ, ಆಡಳಿತ ಮಂಡಳಿ ಆ ನಷ್ಟವನ್ನು ಎರಡು ವರ್ಷ ಮರೆಯಲೂ ಇಲ್ಲ.

ಆಮೇಲೆ 2018ರ ಜರ್ಮನಿಯ ಟಿಮ್-ಎಚ್‌ಎಫ್2 ಅಧ್ಯಯನವನ್ನು ಮತ್ತೊಮ್ಮೆ, ಈ ಬಾರಿ ಫಲಿತಾಂಶದ ಕೋಷ್ಟಕವನ್ನು ಬಿಟ್ಟು ವಿಧಾನದ ಪುಟಗಳನ್ನೇ ಓದಿದೆ. ಅಲ್ಲಿ 1,571 ರೋಗಿಗಳಿದ್ದರು, ದೂರದಿಂದ ನಿಗಾ ಇಟ್ಟ ಗುಂಪಿನಲ್ಲಿ ಸಾವು ಕಡಿಮೆಯಾಗಿತ್ತು. ಸೋತ ಅಧ್ಯಯನಗಳಿಗೂ ಇದಕ್ಕೂ ಉಪಕರಣಗಳಲ್ಲಿ ವ್ಯತ್ಯಾಸವಿತ್ತು, ಆದರೆ ನನಗೆ ಕಂಡ ದೊಡ್ಡ ಅಂತರ ಅದಲ್ಲ. ಅಂತರವಿದ್ದದ್ದು ಆ ಕಡೆ ಕೂತವರಲ್ಲಿ: ಹಗಲೂ ರಾತ್ರಿ ವೈದ್ಯರು, ನರ್ಸ್‌ಗಳು ಇರುವ ಕೇಂದ್ರವೊಂದಿತ್ತು ಮತ್ತು ಬಂದ ಅಂಕಿಯನ್ನು ನೋಡಿ ಅಂದೇ ಏನಾದರೂ ಮಾಡುವ ಹೊಣೆ ಅವರದಾಗಿತ್ತು. ಅಂಕಿ ಬರುವುದು ಚಿಕಿತ್ಸೆಯಲ್ಲ, ಅಂಕಿ ನೋಡಿದವರಿಗೆ ಅದೇ ದಿನ ಮಾತ್ರೆ ಬದಲಿಸುವ ಅಧಿಕಾರವಿರುವುದೇ ಚಿಕಿತ್ಸೆ. ಈ ಒಂದು ವಿಷಯ ತಲೆಗೆ ಹತ್ತಿದ ಮೇಲೆ ನಮ್ಮ ವ್ಯವಸ್ಥೆಯನ್ನು ಬುಡಸಮೇತ ಬದಲಿಸಿದೆ.

ಈಗ ನಡೆಯುವ ರೀತಿ ಹೀಗಿದೆ. ಒಬ್ಬ ನರ್ಸ್‌ಗೆ 55ರಿಂದ 60 ರೋಗಿಗಳು, ಅದಕ್ಕಿಂತ ಒಬ್ಬರೂ ಹೆಚ್ಚಿಲ್ಲ. ಡಿಸ್ಚಾರ್ಜ್ ಆದ ಮೊದಲ ಎರಡು ವಾರ ದಿನವೂ ಬೆಳಿಗ್ಗೆ ನಾವೇ ಕರೆ ಮಾಡುತ್ತೇವೆ. ಆಮೇಲೆ ಒಂದೂವರೆ ತಿಂಗಳು ವಾರಕ್ಕೆರಡು ಸಲ. ಸ್ಥಿರವಾದ ಮೇಲೆ ವಾರಕ್ಕೊಂದು ಸಲ. ಕರೆ ಸರಾಸರಿ ನಾಲ್ಕು ನಿಮಿಷದ್ದು. ದೇಹದ ಹೆಚ್ಚುವರಿ ನೀರನ್ನು ಮೂತ್ರವಾಗಿ ಹೊರಹಾಕಿಸುವ ಫ್ಯೂರೋಸೆಮೈಡ್ ಮಾತ್ರೆಯ ಪ್ರಮಾಣವನ್ನು ಒಂದು ಮಿತಿಯೊಳಗೆ ಏರಿಸುವ ಇಳಿಸುವ ಅಧಿಕಾರವನ್ನು ನರ್ಸ್‌ಗೇ ಲಿಖಿತವಾಗಿ ಕೊಟ್ಟಿದ್ದೇವೆ, ಮಿತಿ ದಾಟಿದರೆ ಒಂದು ಗಂಟೆಯೊಳಗೆ ಹೃದ್ರೋಗ ತಜ್ಞರೊಬ್ಬರು ರೋಗಿಯೊಡನೆ ಮಾತಾಡಲೇಬೇಕು. ಆ ಒಂದು ಗಂಟೆಗಾಗಿ ನಾನು ಸಹೋದ್ಯೋಗಿಗಳ ಜತೆ ಆಡಿದ ಜಗಳ, ಇಡೀ ವ್ಯವಸ್ಥೆಗಾಗಿ ಆಡಿದ್ದಕ್ಕಿಂತ ಹೆಚ್ಚು. ಫ್ಯೂರೋಸೆಮೈಡ್ ಬದಲಿಸುವ ನಮ್ಮ ಕೋಷ್ಟಕವನ್ನು ಇಲ್ಲಿ ಕೊಡುವುದಿಲ್ಲ. ಅದು ನಮ್ಮ ರೋಗಿಗಳ ಮೂತ್ರಪಿಂಡ ನೋಡಿ ನಾಲ್ಕು ಸಲ ತಿದ್ದಿದ್ದು, ಬೇರೆ ಕಡೆ ಹಾಗೆಯೇ ಇಳಿಸಿಕೊಂಡರೆ ಅಪಾಯ.

ತೂಕದ ಯಂತ್ರದ ಬಗ್ಗೆ ಎರಡು ಮಾತು ಹೇಳಲೇಬೇಕು. ಮೊದಲ ಸಲ ಅಗ್ಗದ ಯಂತ್ರಗಳನ್ನು ಒಟ್ಟಿಗೆ ಕೊಂಡು ಹಂಚಿದೆವು, ಆರು ತಿಂಗಳಲ್ಲಿ ಮೂರರಲ್ಲೊಂದು ಕೆಟ್ಟಿತು. ಎರಡನೆಯ ಸಲ ಫೋನಿಗೆ ತಾನಾಗಿಯೇ ಅಂಕಿ ಕಳುಹಿಸುವ ದುಬಾರಿ ಯಂತ್ರ ತಂದೆವು. ಜೋಡಣೆ ತಪ್ಪಿತೆಂದು ಬರುವ ಕರೆಗಳೇ ರೋಗದ ಕರೆಗಳಿಗಿಂತ ಹೆಚ್ಚಾದವು. ಈಗ ದೊಡ್ಡ ಅಂಕಿ ತೋರಿಸುವ, ಬೇರೇನೂ ಮಾಡದ ಮಧ್ಯಮ ಬೆಲೆಯ ಯಂತ್ರವನ್ನು ಕೊಡುತ್ತೇವೆ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಎಚ್ಚರ ಎಂಬ ಪುಸ್ತಕದ ಸೂತ್ರ ನಿಮಗೆಲ್ಲ ಗೊತ್ತು. ಆ ಸೂತ್ರವನ್ನೇ ನಂಬಿದರೆ ಅರ್ಧಕ್ಕರ್ಧ ರೋಗಿಗಳು ಕೈತಪ್ಪುತ್ತಾರೆ ಎಂಬುದು ನನ್ನ ಅನುಭವ. ದೇಹದೊಳಗೆ ಇದ್ದ ನೀರೇ ಹೊಟ್ಟೆಯ ರಕ್ತನಾಳಗಳಿಂದ ಶ್ವಾಸಕೋಶದ ಕಡೆಗೆ ಸರಿದಾಗ ಯಂತ್ರದ ಅಂಕಿ ಅಲುಗಾಡುವುದಿಲ್ಲ. ಊಟ ಸೇರದೆ ಮಾಂಸಖಂಡ ಕರಗುತ್ತಿರುವವರಲ್ಲಿ ನೀರು ತುಂಬುತ್ತಿದ್ದರೂ ತೂಕ ಇಳಿಯಬಹುದು. ಆದ್ದರಿಂದ ನಾವು ಪ್ರತಿ ರೋಗಿಯ ಒಣ ತೂಕವನ್ನು, ಅಂದರೆ ಹೆಚ್ಚುವರಿ ನೀರಿಲ್ಲದಾಗಿನ ತೂಕವನ್ನು, ಎರಡು ವಾರಕ್ಕೊಮ್ಮೆ ಹೊಸದಾಗಿ ಗುರುತಿಸುತ್ತೇವೆ. ಅದನ್ನು ಗುರುತಿಸುವ ಕ್ರಮದಲ್ಲಿ ನಮ್ಮದೇ ಆದ ಒಂದು ಉಪಾಯವಿದೆ, ಅದನ್ನು ಸದ್ಯ ನಮ್ಮಲ್ಲೇ ಇಟ್ಟುಕೊಂಡಿದ್ದೇನೆ.

ತೂಕವನ್ನು ನಂಬಿದ್ದಕ್ಕೆ ನಾವು ತೆತ್ತ ಬೆಲೆಯನ್ನು ಮುಚ್ಚಿಡುವುದು ಸರಿಯಲ್ಲ. 2020ರ ಅಕ್ಟೋಬರ್‌ನಲ್ಲಿ ಅರವತ್ತು ದಾಟಿದ ಒಬ್ಬರು ನಮ್ಮ ಪಟ್ಟಿಯಲ್ಲಿದ್ದರು. ಇಜೆಕ್ಷನ್ ಫ್ರಾಕ್ಷನ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು, ತೀರಾ ಕಡಿಮೆ, ಶೇ 25ರ ಆಸುಪಾಸು, ಆದರೂ ಮೂರು ತಿಂಗಳಿಂದ ಸ್ಥಿರ. ಕರೆ ಮಾಡಿದಾಗಲೆಲ್ಲ ದಿನದಿನದ ತೂಕ ಹೇಳುತ್ತಿದ್ದರು, 300 ಗ್ರಾಂಗಿಂತ ಹೆಚ್ಚಿನ ಏರಿಳಿತವಿರಲಿಲ್ಲ. ಉಸಿರಾಟ ಹೇಗಿದೆ ಎಂದರೆ ಚೆನ್ನಾಗಿದೆ ಎನ್ನುತ್ತಿದ್ದರು. ಒಂದು ಮುಂಜಾನೆ ತೀವ್ರ ಉಬ್ಬಸದೊಂದಿಗೆ ಬಂದು, ಅದೇ ಮಧ್ಯಾಹ್ನ ತೀರಿಕೊಂಡರು. ಅವರ ಹೆಂಡತಿ ನನಗೆ ಹೇಳಿದ ಮಾತು ಹೀಗಿತ್ತು: "ಹದಿನೈದು ದಿನದಿಂದ ಕುರ್ಚಿಯಲ್ಲೇ ಮಲಗುತ್ತಿದ್ದರು ಡಾಕ್ಟರೇ. ನೀವು ಕೇಳಲಿಲ್ಲವಲ್ಲ, ಅದಕ್ಕೇ ಹೇಳಲಿಲ್ಲ." ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಸಮತಟ್ಟಾಗಿ ಮಲಗಿದರೆ ಉಸಿರು ಕಟ್ಟುತ್ತದೆ. ನಾವು ಹದಿನೈದು ದಿನದಲ್ಲಿ ಎಂಟು ಸಲ ಕರೆ ಮಾಡಿದ್ದೆವು. ಎಂಟು ಸಲವೂ ಉಸಿರಾಟ ಹೇಗಿದೆ ಎಂದು ಕೇಳಿದ್ದೆವೇ ಹೊರತು, ರಾತ್ರಿ ಎಲ್ಲಿ, ಹೇಗೆ ಮಲಗಿದಿರಿ ಎಂದು ಕೇಳಿರಲಿಲ್ಲ. ವಾರ್ಡಿನಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿಯೇ ಇಲ್ಲ, ಹಾಸಿಗೆಯ ತಲೆಭಾಗ ಎಷ್ಟು ಎತ್ತಿದೆ ಎಂಬುದು ಕಣ್ಣಿಗೇ ಬೀಳುತ್ತದೆ. ಫೋನಿನಲ್ಲಿ ಕಣ್ಣು ಇಲ್ಲವೆಂಬುದು ನನಗೆ ಸಿದ್ಧಾಂತವಾಗಿ ಗೊತ್ತಿತ್ತು. ಅದು ಹೀಗೆ ತಿಳಿಯಬಾರದಾಗಿತ್ತು.

ಅಂದಿನಿಂದ ಎರಡು ನಿಯಮಗಳು ಬಂದವು. ರೋಗಿಗೆ ಹೇಗಿದ್ದೀರಿ ಎಂದು ಕೇಳುವಂತಿಲ್ಲ, ನಿನ್ನೆಗೂ ಇವತ್ತಿಗೂ ಅವರು ಮಾಡಿದ ಕೆಲಸವನ್ನೇ ಕೇಳಬೇಕು: ಎಲ್ಲಿ ಮಲಗಿದಿರಿ, ಚಪ್ಪಲಿ ಹಾಕಿಕೊಳ್ಳಲು ಬಾಗಿದಾಗ ಏನಾಯಿತು, ಸ್ನಾನ ಮುಗಿಸುವ ಮೊದಲು ಕೂತುಕೊಳ್ಳಬೇಕಾಯಿತೇ ಎಂಬಂಥ ಪ್ರಶ್ನೆಗಳು. ಎರಡನೆಯದಾಗಿ, ವಾರಕ್ಕೊಂದು ಕರೆಯನ್ನು ರೋಗಿಗಲ್ಲದೆ ಮನೆಯಲ್ಲಿ ಜತೆಗಿರುವವರಿಗೆ ಮಾಡಬೇಕು. ನರ್ಸ್‌ಗಳು ಸೇರಿಸಿ ಮಾಡಿದ ಆ ಪ್ರಶ್ನೆಗಳ ಹಾಳೆ ಇಂದು ನಮ್ಮ ಘಟಕದ ಅತಿ ಬೆಲೆಬಾಳುವ ವಸ್ತು. ಬೆಳಿಗ್ಗೆ ಬಂದ ಅಂಕಿಗಳೆಲ್ಲ ಸರಿಯಿದ್ದು, ಮನೆಯವರ ಮಾತಿನಿಂದಲೇ ನೀರು ತುಂಬುತ್ತಿದೆಯೆಂದು ಹಿಡಿದದ್ದು ವರ್ಷಕ್ಕೆ ಹತ್ತು ಹದಿನೈದು ಸಲವಾದರೂ ಇದೆ.

ಇನ್ನೊಂದು ತಪ್ಪು ಪೊಟ್ಯಾಷಿಯಂನದು. ರಕ್ತದಲ್ಲಿ ಪೊಟ್ಯಾಷಿಯಂ ಏರಿಸಬಲ್ಲ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬ ರೋಗಿಯ ರಕ್ತಪರೀಕ್ಷೆ ಸೋಂಕಿನ ಭಯದಿಂದ ಮೂರು ವಾರ ಮುಂದೆ ಹೋಯಿತು. ನಡುವೆ ಅವರಿಗೆ ಭೇದಿಯಾಗಿತ್ತು, ಅದನ್ನು ಸಣ್ಣ ವಿಷಯವೆಂದು ನಮಗೆ ತಿಳಿಸಲಿಲ್ಲ. ಕೊನೆಗೆ ಪೊಟ್ಯಾಷಿಯಂ 6.3 ಬಂತು. ಅವರು ಉಳಿದದ್ದು ಅದೃಷ್ಟ. ರಕ್ತ ತೆಗೆಯಲು ಮನೆಗೆ ಹೋಗುವ ಒಬ್ಬ ತಂತ್ರಜ್ಞರನ್ನು ನೇಮಿಸಿಕೊಳ್ಳದೆ ಫೋನಿನಲ್ಲಿ ಮಾತ್ರೆ ಏರಿಸಲು ಹೊರಟದ್ದು ನನ್ನ ಆತುರ. ಈಗ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಷಿಯಂ ಫಲಿತಾಂಶ ಕೈಯಲ್ಲಿಲ್ಲದೆ ಸ್ಪೈರೊನೊಲ್ಯಾಕ್ಟೋನ್ ಆಗಲಿ, ಎಸಿಇ ಗುಂಪಿನ ಮಾತ್ರೆಯಾಗಲಿ ಏರುವುದಿಲ್ಲ. ಕ್ರಿಯಾಟಿನಿನ್ ಮೊದಲಿಗಿಂತ ಅರ್ಧದಷ್ಟು ಏರುವವರೆಗೆ ಗಾಬರಿಪಡುವುದೂ ಇಲ್ಲ.

ಆ ದಿನಗಳಲ್ಲೇ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂಥ ಒಂದು ಔಷಧಿ ಬಳಕೆಗೆ ಬಂತು. ಮಧುಮೇಹಕ್ಕೆಂದು ಇದ್ದ ಡಾಪಾಗ್ಲಿಫ್ಲೋಜಿನ್, 2019ರ ಡಾಪಾ-ಎಚ್‌ಎಫ್ ಪ್ರಯೋಗದ ಬಳಿಕ, 2020ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಹೃದಯ ವೈಫಲ್ಯಕ್ಕೂ ಒಪ್ಪಿಗೆ ಪಡೆಯಿತು. ದಿನಕ್ಕೊಂದೇ 10 ಮಿಲಿಗ್ರಾಂ ಮಾತ್ರೆ. ಹಂತ ಹಂತವಾಗಿ ಏರಿಸಬೇಕಿಲ್ಲ, ಬಿಪಿ ಹೆಚ್ಚು ಇಳಿಯುವುದಿಲ್ಲ, ಪೊಟ್ಯಾಷಿಯಂ ಏರುವ ಭಯವಿಲ್ಲ. ರೋಗಿಯನ್ನು ಎದುರಿಗೆ ಕೂರಿಸಿಕೊಳ್ಳದೆ ಶುರು ಮಾಡಲು ಇದಕ್ಕಿಂತ ಸಲೀಸಾದ ಮಾತ್ರೆ ಈ ರೋಗದಲ್ಲಿ ನಾನು ಕಂಡಿಲ್ಲ. ನಮ್ಮ ಮರುದಾಖಲಾತಿ ಇಳಿದದ್ದರಲ್ಲಿ ಈ ಗುಂಪಿನ ಮಾತ್ರೆಗಳ ಪಾಲು ಗಣನೀಯವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಈ ರೋಗಕ್ಕೆ ಆಗ ಇದ್ದ ಮೂರು ಗುಂಪಿನ ಮಾತ್ರೆಗಳು ರೋಗಿಯ ಕೈಸೇರಲು ಓಪಿಡಿಯ ಕಾಲದಲ್ಲಿ ಎಂಟು ಒಂಬತ್ತು ತಿಂಗಳು ಹಿಡಿಯುತ್ತಿತ್ತು, ಈಗ ಈ ಮಾತ್ರೆಯನ್ನೂ ಸೇರಿಸಿ ನಾಲ್ಕೂ ಗುಂಪಿಗೆ ಆರರಿಂದ ಎಂಟು ವಾರ ಸಾಕಾಗುತ್ತದೆ. 2022ರ ಕೊನೆಗೆ ಸ್ಟ್ರಾಂಗ್-ಎಚ್‌ಎಫ್ ಪ್ರಯೋಗ ಪ್ರಕಟವಾಗಿ, ಡಿಸ್ಚಾರ್ಜ್ ಆದ ಎರಡು ವಾರದೊಳಗೆ ಮಾತ್ರೆಗಳನ್ನು ಪೂರ್ಣ ಪ್ರಮಾಣಕ್ಕೇರಿಸಿ ಮೇಲಿಂದ ಮೇಲೆ ರೋಗಿಯನ್ನು ನೋಡಿದವರಲ್ಲಿ ಆರು ತಿಂಗಳ ಸಾವು ಅಥವಾ ಮರುದಾಖಲಾತಿ ಶೇ 23ರಿಂದ ಶೇ 15ಕ್ಕೆ ಇಳಿಯಿತೆಂದು ತಿಳಿದಾಗ, ನಾವು ಎರಡು ವರ್ಷದಿಂದ ಹಿಡಿದಿದ್ದ ದಾರಿ ತಪ್ಪಲ್ಲವೆಂದು ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಅಲ್ಲಿ ರೋಗಿಗಳು ಆಸ್ಪತ್ರೆಗೆ ಬಂದಿದ್ದರು, ನಮ್ಮವರು ಮನೆಯಲ್ಲಿದ್ದರು ಎಂಬುದು ಮುಖ್ಯ ವ್ಯತ್ಯಾಸ.

ಇನ್ನು ದುಡ್ಡಿನ ಮಾತು. ನೂರು ರೋಗಿಗಳನ್ನು ಒಂದು ವರ್ಷ ಹೀಗೆ ನೋಡಿಕೊಳ್ಳಲು ತಗಲುವ ಖರ್ಚು, ಅಂದರೆ ನರ್ಸ್‌ಗಳ ಸಂಬಳ, ತಂತ್ರಜ್ಞರ ಓಡಾಟ, ಯಂತ್ರಗಳು, ವೈದ್ಯರ ಸಮಯ ಎಲ್ಲ ಸೇರಿ, ಹೃದಯ ವೈಫಲ್ಯದ ಇಪ್ಪತ್ತು ದಾಖಲಾತಿಗಳ ಬಿಲ್ಲಿಗೆ ಹೆಚ್ಚು ಕಡಿಮೆ ಸಮ. ಮೊದಲು ಅಂಥ ನೂರು ರೋಗಿಗಳಲ್ಲಿ ವರ್ಷಕ್ಕೆ ಸುಮಾರು 70 ಮರುದಾಖಲಾತಿಗಳಾಗುತ್ತಿದ್ದವು, ಕೆಲವರು ಎರಡೆರಡು ಸಲ ಬರುತ್ತಿದ್ದರು. ಕಳೆದ ಎರಡು ವರ್ಷಗಳಲ್ಲಿ ಅದು 40ರ ಆಸುಪಾಸಿನಲ್ಲಿದೆ. ಲೆಕ್ಕ ಲಾಭವನ್ನೇ ತೋರಿಸುತ್ತದೆ, ಆದರೆ ಲಾಭ ಯಾರಿಗೆ ಎಂಬಲ್ಲಿ ಎಲ್ಲವೂ ಸಿಕ್ಕಿಕೊಳ್ಳುತ್ತದೆ. ತಪ್ಪಿದ 30 ದಾಖಲಾತಿಗಳ ಹಣ ರೋಗಿಗೆ ಅಥವಾ ವಿಮೆಗೆ ಉಳಿಯಿತು. ಆಸ್ಪತ್ರೆಗೆ ಅದು ಬಾರದ ಆದಾಯ. ಮೊದಲ ಹದಿನಾಲ್ಕು ತಿಂಗಳು ನಾವು ಪೂರ್ತಿ ನಷ್ಟದಲ್ಲಿ ನಡೆದೆವು. ಒಬ್ಬ ನರ್ಸ್‌ನ ಸಂಬಳವನ್ನು ಐದು ತಿಂಗಳು ನಾನೇ ಭರಿಸಿದೆ. ಆಡಳಿತದವರನ್ನು ಕೊನೆಗೆ ಒಪ್ಪಿಸಿದ್ದು ರೋಗಿಯ ಹಿತದ ಮಾತಲ್ಲ, ಹಾಸಿಗೆಗಳ ಲೆಕ್ಕ: ಒಂದು ವಾರ ಮಲಗಿ ಫ್ಯೂರೋಸೆಮೈಡ್ ಪಡೆಯುವ ರೋಗಿಯ ಹಾಸಿಗೆಯಲ್ಲಿ, ಎರಡೆರಡು ದಿನಕ್ಕೆ ಮನೆಗೆ ಹೋಗುವ ಕವಾಟದ ಅಥವಾ ಪೇಸ್‌ಮೇಕರ್‌ನ ಮೂವರು ರೋಗಿಗಳನ್ನು ನೋಡಬಹುದೆಂದು ತೋರಿಸಿದೆ. ನಾಳೆಯ ಹೃದ್ರೋಗ ಆಸ್ಪತ್ರೆ ಹೀಗೆಯೇ ಇರುತ್ತದೆಂದು ನನ್ನ ನಂಬಿಕೆ. ಕೈಯಿಂದ ಮಾಡಬೇಕಾದ ಚಿಕಿತ್ಸೆಗೆ ಕಟ್ಟಡ, ದಿನದಿನದ ಚಿಕಿತ್ಸೆಗೆ ಮನೆ. ಆದರೆ ಮನೆಯ ಚಿಕಿತ್ಸೆಗೆ ತಿಂಗಳಿಗಿಷ್ಟು ಎಂದು ಪಾವತಿಸುವ ಏರ್ಪಾಡು ಎಲ್ಲಿಯವರೆಗೆ ಗಟ್ಟಿಯಾಗುವುದಿಲ್ಲವೋ ಅಲ್ಲಿಯವರೆಗೆ ಇದು ನನ್ನಂಥ ಹಟಮಾರಿಗಳ ಬೆನ್ನ ಮೇಲೇ ನಡೆಯಬೇಕಾಗುತ್ತದೆ, ಮತ್ತು ಅದು ನ್ಯಾಯವಲ್ಲ.

ನಡುವೆ ಕೈ ಹಾಕಿದ ಕೆಲವು ಉಪಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಬೆರಳಿಟ್ಟರೆ ಒಂದು ಲೀಡ್‌ನ ಇಸಿಜಿ ತೆಗೆಯುವ ಪುಟ್ಟ ಸಾಧನಗಳನ್ನು ಹತ್ತು ಮಂದಿಗೆ ಸರದಿಯ ಮೇಲೆ ಕೊಟ್ಟೆವು. ಇಸಿಜಿಯ ಜನಕ ವಿಲ್ಲೆಮ್ ಐಂಥೋವನ್ ನೆದರ್ಲೆಂಡ್ಸ್‌ನ ಲೈಡನ್ ನಗರದ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ದೂರವಾಣಿ ತಂತಿಯ ಮೇಲೆ ಇಸಿಜಿ ತರಿಸಿಕೊಂಡದ್ದು 1905ರ ಸುಮಾರಿಗೆ. ಒಂದು ಶತಮಾನ ದಾಟಿದ ಮೇಲೆ ಅದನ್ನು ನಾವು ಹೊಸತೆಂಬಂತೆ ಮಾಡುತ್ತಿದ್ದೇವೆ ಎಂಬುದು ನನಗೆ ಆಗಾಗ ನೆನಪಾಗುತ್ತದೆ. ಏಟ್ರಿಯಲ್ ಫೈಬ್ರಿಲೇಷನ್ ಎಂಬ ಹೃದಯದ ಲಯ ತಪ್ಪುವ ತೊಂದರೆಯನ್ನು ಹಿಡಿಯಲು ಆ ಸಾಧನ ನಿಜಕ್ಕೂ ಉಪಯೋಗಕ್ಕೆ ಬಂತು, ನಾಲ್ವರಲ್ಲಿ ಹೊಸದಾಗಿ ಸಿಕ್ಕಿತು. ಕೋವಿಡ್‌ಗೆಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಬಳಸುತ್ತಿದ್ದ ಕಾಲದಲ್ಲಿ, ಆ ಔಷಧಿ ಹಿಗ್ಗಿಸಬಲ್ಲ ಕ್ಯೂಟಿ ಎಂಬ ಇಸಿಜಿ ಅಂತರವನ್ನು ಅಳೆಯಲೂ ಅದನ್ನೇ ಬಳಸಿದೆವು, ಆದರೆ ಒಂದೇ ಲೀಡ್‌ನಲ್ಲಿ ಟಿ ಅಲೆ ಚಪ್ಪಟೆಯಾಗಿದ್ದವರಲ್ಲಿ ಇಬ್ಬರು ಅಳೆದರೆ ಎರಡು ಉತ್ತರ ಬರುತ್ತಿದ್ದವು, ಹಾಗಾಗಿ ಕೈಬಿಟ್ಟೆವು.

ಬೆರಳಿಗೆ ಹಾಕುವ ಆಕ್ಸಿಮೀಟರ್ ಎಲ್ಲರ ಮನೆಗೂ ಬಂದಿದ್ದರಿಂದ ಅದರ ಅಂಕಿಯನ್ನೂ ಕೇಳತೊಡಗಿದ್ದೆವು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯರು, ಕಪ್ಪು ಚರ್ಮದವರಲ್ಲಿ ಯಂತ್ರ ಸರಿಯೆಂದು ತೋರಿಸುತ್ತಿದ್ದಾಗಲೂ ರಕ್ತದಲ್ಲಿ ಆಮ್ಲಜನಕ ಕಡಿಮೆಯಿರುವ ಸಂದರ್ಭಗಳು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಎಂದು ಬರೆದ ಮೇಲೆ, ಆ ಅಂಕಿಯನ್ನು ಸಮಾಧಾನಕ್ಕೆ ಬಳಸುವುದನ್ನು ನಿಲ್ಲಿಸಿದೆವು. ಇಳಿದರೆ ನಂಬುತ್ತೇವೆ, ಸರಿಯಿದ್ದರೆ ನಂಬುವುದಿಲ್ಲ.

ಫ್ಯೂರೋಸೆಮೈಡನ್ನು ಚರ್ಮದಡಿಗೆ ನಿಧಾನವಾಗಿ ಕೊಡುವ ಪ್ರಯತ್ನವನ್ನು ಏಳು ಮಂದಿಯಲ್ಲಿ ಮಾಡಿದೆವು. ಸಾಮಾನ್ಯ ಚುಚ್ಚುಮದ್ದಿನ ದ್ರಾವಣ ಕ್ಷಾರೀಯವಾದ್ದರಿಂದ ಮೂವರಲ್ಲಿ ಚರ್ಮ ಕೆಂಪಾಗಿ ಉರಿಯಿತು, ನಿಲ್ಲಿಸಿದೆವು. ಚರ್ಮಕ್ಕೆ ಹೊಂದುವಂತೆ ತಯಾರಿಸಿದ, ಹೊಟ್ಟೆಗೆ ಅಂಟಿಸುವ ಸಾಧನ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದೆ, ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಎಟುಕಿದ ದಿನ ಮರುದಾಖಲಾತಿಗಳಲ್ಲಿ ಇನ್ನೂ ಮೂರರಲ್ಲೊಂದು ಕಡಿಮೆಯಾಗುತ್ತದೆಂದು ನನ್ನ ಅಂದಾಜು.

ಯಾವ ಖರ್ಚೂ ಇಲ್ಲದೆ ಕೈಹಿಡಿದದ್ದು ಫ್ಲೂ ಲಸಿಕೆ. ಫ್ಲೂ ಖಚಿತವಾದ ಮೊದಲ ವಾರದಲ್ಲಿ ಹೃದಯಾಘಾತದ ಅಪಾಯ ಆರು ಪಟ್ಟಾಗುತ್ತದೆಂದು 2018ರಲ್ಲೇ ಗೊತ್ತಾಗಿತ್ತು. ಹೃದಯಾಘಾತವಾದವರಿಗೆ ಆಸ್ಪತ್ರೆಯಲ್ಲೇ ಲಸಿಕೆ ಕೊಟ್ಟರೆ ಒಂದು ವರ್ಷದಲ್ಲಿ ಸಾವು ಕಡಿಮೆಯಾಗುತ್ತದೆಂದು 2021ರ ಐಎಎಂಐ ಪ್ರಯೋಗ ತೋರಿಸಿತು. ಹಾಗಿದ್ದೂ ಹೃದ್ರೋಗ ತಜ್ಞರು ಲಸಿಕೆಯನ್ನು ತಮ್ಮ ಕೆಲಸವೆಂದು ತಿಳಿದಿರಲಿಲ್ಲ. ನಾನು ಡಿಸ್ಚಾರ್ಜ್ ಹಾಳೆಯಲ್ಲಿ ಆಸ್ಪಿರಿನ್‌ನ ಕೆಳಗಿನ ಸಾಲಿನಲ್ಲೇ ಲಸಿಕೆಯ ಹೆಸರು ಅಚ್ಚು ಹಾಕಿಸಿದೆ. ಹತ್ತರಲ್ಲಿ ಇಬ್ಬರು ಪಡೆಯುತ್ತಿದ್ದುದು ಹತ್ತರಲ್ಲಿ ಎಂಟಕ್ಕೆ ಏರಿತು.

ಕೋವಿಡ್ ಬಂದು ಹೋದವರ ಹೃದಯದ ವಿಷಯವನ್ನು ಬಿಡುವಂತಿಲ್ಲ. ಅಮೆರಿಕದ ನಿವೃತ್ತ ಸೈನಿಕರಲ್ಲಿ ಸೋಂಕು ತಗುಲಿದ 1,53,760 ಮಂದಿಯನ್ನು ಒಂದು ವರ್ಷ ಹಿಂಬಾಲಿಸಿದ 2022ರ ವರದಿಯಲ್ಲಿ, ಸೋಂಕಿಲ್ಲದವರಿಗಿಂತ ಹೃದಯ ವೈಫಲ್ಯದ ಅಪಾಯ ಶೇ 72ರಷ್ಟು ಹೆಚ್ಚಿತ್ತು. ನಮ್ಮ ಪಟ್ಟಿಗೆ 2021ರ ಬಳಿಕ ಸೇರಿದವರಲ್ಲಿ ಐವರಲ್ಲೊಬ್ಬರು ಐವತ್ತು ದಾಟದವರು. ದುಡಿಯುವ ವಯಸ್ಸಿನ ಇವರನ್ನು ತಿಂಗಳಿಗೊಮ್ಮೆ ಅರ್ಧ ದಿನ ಓಪಿಡಿಯ ಬೆಂಚಿನ ಮೇಲೆ ಕೂರಿಸುವುದು ಅವರ ಸಂಬಳಕ್ಕೂ ಪೆಟ್ಟು, ಚಿಕಿತ್ಸೆಗೂ ಪೆಟ್ಟು. ಅವರು ಕೆಲಸಕ್ಕೆ ಹೊರಡುವ ಮೊದಲು ಏಳು ಗಂಟೆಗೆ ಒಬ್ಬ ನರ್ಸ್ ಕರೆ ಮಾಡುತ್ತಾರೆ, ಮುಗಿಯಿತು.

ಯಾರನ್ನು ಸೇರಿಸಿಕೊಳ್ಳುವುದಿಲ್ಲ ಎಂಬುದನ್ನೂ ಹೇಳಬೇಕು. ಎದೆನೋವಿನವರಿಗೆ ಫೋನ್ ಚಿಕಿತ್ಸೆ ಇಲ್ಲ. ಆ ಪದ ಕೇಳಿದ ಕೂಡಲೇ ನರ್ಸ್ ಬೇರೆ ಪ್ರಶ್ನೆ ಕೇಳದೆ ಆಂಬುಲೆನ್ಸ್ ಕಳುಹಿಸಬೇಕು. ಮನೆಯಲ್ಲಿ ಒಬ್ಬರೇ ಇದ್ದು ಕಿವಿ ಮಂದವಾದವರನ್ನು, ಮೂತ್ರಪಿಂಡ ತೀರಾ ಕುಗ್ಗಿದವರನ್ನು ಸೇರಿಸಿಕೊಳ್ಳುವುದಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಇನ್ನೂ ಎರಡು ದಿನ ಬೇಕಿದ್ದವರನ್ನು ಬೇಗ ಮನೆಗೆ ಕಳುಹಿಸಲು ಈ ಪಟ್ಟಿಯನ್ನು ನೆಪ ಮಾಡಿಕೊಳ್ಳಲು ನಾನು ಬಿಡುವುದಿಲ್ಲ. ಈ ಕೊನೆಯ ಒತ್ತಡ ಸಾಂಕ್ರಾಮಿಕ ಮುಗಿದ ಮೇಲೆ ಹೆಚ್ಚಾಗಿದೆ, ಮುಂದೆಯೂ ಹೆಚ್ಚಾಗುತ್ತದೆ. ಮನೆಯ ಚಿಕಿತ್ಸೆ ಕೆಟ್ಟ ಹೆಸರು ಪಡೆದರೆ ಈ ದಾರಿಯಲ್ಲೇ ಪಡೆಯುತ್ತದೆ.

ಈಗ ಮೂವರು ನರ್ಸ್‌ಗಳು, ಸುಮಾರು 170 ರೋಗಿಗಳು, ಕಾಯುವ ಪಟ್ಟಿಯಲ್ಲಿ ಇನ್ನು ಮೂವತ್ತು ಮಂದಿ. ನಾಲ್ಕನೆಯ ನರ್ಸ್‌ಗೆ ಮಂಜೂರಾತಿ ಬರುವವರೆಗೆ ಪಟ್ಟಿ ಬೆಳೆಸುವುದಿಲ್ಲವೆಂದು ಬರೆದುಕೊಟ್ಟಿದ್ದೇನೆ. ಹಲವು ಸಹೋದ್ಯೋಗಿಗಳು ಪ್ರಶ್ನೆಗಳ ಹಾಳೆಯನ್ನು ಕಳುಹಿಸಿಕೊಡಿ ಎಂದು ಕೇಳುತ್ತಾರೆ. ಹಾಳೆಯನ್ನು ಕಳುಹಿಸುವುದಿಲ್ಲ, ತಮ್ಮ ನರ್ಸ್‌ಗಳಲ್ಲಿ ಒಬ್ಬರನ್ನು ಒಂದು ವಾರ ಕಳುಹಿಸಿದರೆ, ಬೆಳಿಗ್ಗೆ ಏಳಕ್ಕೆ ಕರೆಗಳು ಶುರುವಾಗುವಾಗ ನಮ್ಮ ಸಿಸ್ಟರ್ ಪಕ್ಕದಲ್ಲಿ ಅವರಿಗೊಂದು ಕುರ್ಚಿ ಹಾಕಿಸುತ್ತೇನೆ.